ಸೋಲಿನ ಹೊಣೆ

ಒಂದು ಕಾಲ್ಚೆಂಡಿನ ತಂಡವು ಒಂದರ ಮೇಲೊಂದರಂತೆ ಮೂರು ಪಂದ್ಯಗಳನ್ನು ಸೋತಿತೆಂದರೆ, ಅದರ ಅಭಿಮಾನಿಯು, ಅವನು ಮ್ಯಾಂಚೆಸ್ಟರಿನವನಾಗಿರಲಿ, ಕಲ್ಕತ್ತೆಯವನಾಗಿರಲಿ, ನಮ್ಮ ಬೆಂಗಳೂರಿನ ಆಸ್ಟಿನ್ ಟೌನಿನವನಾಗಿರಲಿ, ಆಟಗಾರರ ದಣಿವನ್ನಾಗಲಿ ಎದುರಾಳಿಯ ಸಾಮರ್ಥ್ಯವನ್ನಾಗಲಿ ದೈವದ ವಕ್ರದೃಷ್ಟಿಯನ್ನಾಗಲಿ ಬಹಳ ಹೊತ್ತು ವಿಚಾರಿಸುತ್ತ ಕೂರುವುದಿಲ್ಲ. ಮೈದಾನದ ಅಂಚಿನಲ್ಲಿ ಕೋಟು ತೊಟ್ಟು ನಿಂತಿರುವ ಒಬ್ಬನತ್ತ ಬೆರಳು ಮಾಡಿ, ಈ ಮ್ಯಾನೇಜರ್ ಇರುವತನಕ ತಂಡ ಉದ್ಧಾರವಾಗದು ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಈ ತೀರ್ಪು ಎಷ್ಟು ಸಹಜವಾಗಿ ಅವನ ಬಾಯಿಂದ ಹೊರಡುವುದೆಂದರೆ, ಆಟದೊಡನೆಯೇ ಹುಟ್ಟಿದ ಧರ್ಮವಿದು ಎಂದು ಯಾರಾದರೂ ಭಾವಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ಇದೊಂದು ಸಂಪ್ರದಾಯ; ಎಲ್ಲ ಸಂಪ್ರದಾಯಗಳಿಗೂ ಇರುವಂತೆ ಇದಕ್ಕೂ ಹುಟ್ಟಿದ ಕಾಲವುಂಟು, ಬೆಳೆದ ಊರುಗಳುಂಟು, ಅದರಿಂದ ಲಾಭ ಪಡೆದವರೂ ಉಂಟು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಭಿಮಾನಿಯಾದ ನಾನು ಆ ತೀರ್ಪನ್ನು ಅನೇಕ ರಾತ್ರಿ ಟೆಲಿವಿಷನ್ನಿನ ಮುಂದೆ ಕುಳಿತು ಕೊಟ್ಟವನಾದುದರಿಂದ, ಅದರ ವಂಶಾವಳಿಯನ್ನು ಆ ತಂಡದ ಚರಿತ್ರೆಯಲ್ಲಿಯೇ ಹುಡುಕುವುದು ನ್ಯಾಯವೆಂದು ತೋರಿತು.

ಲಂಡನಿನ ಒಂದು ಪಾನಗೃಹದಲ್ಲಿ 1863ರ ಅಕ್ಟೋಬರಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾದಾಗಲಾಗಲಿ, ಹನ್ನೆರಡು ಕ್ಲಬ್ಬುಗಳು ಕೂಡಿ 1888ರಲ್ಲಿ ಲೀಗನ್ನು ಕಟ್ಟಿದಾಗಲಾಗಲಿ, ಇಂದು ನಾವು ಮ್ಯಾನೇಜರ್ ಎಂದು ಕರೆಯುವ ವ್ಯಕ್ತಿಯು ಎಲ್ಲಿಯೂ ಕಾಣಬರುವುದಿಲ್ಲ. ಯಾರು ಆಡಬೇಕು, ಯಾರು ಕೂರಬೇಕು ಎಂಬುದನ್ನು ನಿಶ್ಚಯಿಸುತ್ತಿದ್ದುದು ಕ್ಲಬ್ಬಿನ ಸಮಿತಿ. ಆ ಸಮಿತಿಯ ಸದಸ್ಯರೋ ಊರಿನ ಗಿರಣಿಯವರು, ಬಿಯರು ಬಟ್ಟಿಯ ಒಡೆಯರು, ವಕೀಲರು, ಮಾಂಸದ ವ್ಯಾಪಾರಿಗಳು. ಅವರ ಕೈಕೆಳಗೆ ಒಬ್ಬ ಕಾರ್ಯದರ್ಶಿಯಿದ್ದನು. ರೈಲಿನ ಟಿಕೆಟ್ಟು ಕೊಳ್ಳುವುದು, ಬಾಗಿಲಲ್ಲಿ ಬಂದ ಹಣವನ್ನು ಎಣಿಸುವುದು, ಆಟಗಾರರ ಸಂಬಳ ಬಟವಾಡೆ ಮಾಡುವುದು, ಎದುರಾಳಿ ಕ್ಲಬ್ಬುಗಳಿಗೆ ಕಾಗದ ಬರೆಯುವುದು, ಇವು ಅವನ ಕೆಲಸ. ಆಸ್ಟನ್ ವಿಲ್ಲಾ ಕ್ಲಬ್ಬಿಗೆ ಆರು ಸಲ ಲೀಗನ್ನೂ ಆರು ಸಲ ಫುಟ್‌ಬಾಲ್ ಅಸೋಸಿಯೇಷನ್ನಿನ ಕಪ್ಪನ್ನೂ ಕಂಡುಕೊಟ್ಟ ಜಾರ್ಜ್ ರ್‍ಯಾಮ್ಸೆಯವರೂ, ಸಂಡರ್ಲೆಂಡಿಗೆ ಮೂರು ಸಲ ಮತ್ತು ಲಿವರ್‌ಪೂಲಿಗೆ ಎರಡು ಸಲ ಲೀಗ್ ಗೆದ್ದುಕೊಟ್ಟ ಟಾಮ್ ವಾಟ್ಸನ್ನರೂ ಇಂತಹ ಕಾರ್ಯದರ್ಶಿಗಳೇ. ತಂಡ ಗೆದ್ದಾಗ ಅವರಿಗೆ ಜಯಕಾರವಿರಲಿಲ್ಲ; ಸೋತಾಗ ಧಿಕ್ಕಾರವೂ ಇರಲಿಲ್ಲ.

ಇದಕ್ಕೆ ಅಪವಾದವೆನ್ನಬಹುದಾದವರು ಪ್ರೆಸ್ಟನ್ನಿನ ವಿಲಿಯಂ ಸಡೆಲ್ಲರು. ಹತ್ತಿಯ ಗಿರಣಿಯೊಂದರ ವ್ಯವಸ್ಥಾಪಕರಾಗಿದ್ದ ಈ ಮಹಾಶಯರು ಸ್ಕಾಟ್ಲೆಂಡಿನಿಂದ ಆಟಗಾರರನ್ನು ಕರೆತಂದು, ಅವರಿಗೆ ಊರಿನಲ್ಲಿ ಕೆಲಸ ಕೊಡಿಸಿ, 1888–89ರ ಮೊದಲ ಲೀಗನ್ನು ಒಂದು ಪಂದ್ಯವನ್ನೂ ಸೋಲದೆಯೂ, ಅದೇ ವರ್ಷದ ಕಪ್ಪನ್ನು ಒಂದು ಗೋಲನ್ನೂ ಬಿಟ್ಟುಕೊಡದೆಯೂ ಗೆದ್ದುಕೊಂಡರು. ಗಿರಣಿಯ ಹಣವು ಮೈದಾನಕ್ಕೆ ಹರಿದಿದ್ದಿತೆಂಬ ಸಂಗತಿ ಮಾತ್ರ ಕೆಲವು ವರ್ಷಗಳ ತರುವಾಯ ಹೊರಬಿದ್ದು, 1895ರಲ್ಲಿ ಅವರಿಗೆ ಸೆರೆವಾಸ ಪ್ರಾಪ್ತವಾಯಿತು. ತಂಡದ ಸ್ಥಿತಿಗಾಗಿ ಸೆರೆಮನೆಗೆ ಹೋದ ಮೊದಲ ಮ್ಯಾನೇಜರೆಂದು ಅವರನ್ನು ಕರೆದರೆ ಹಾಸ್ಯವೆನಿಸೀತು. ಆದರೂ ಗೆಲುವಿನ ಬೆನ್ನ ಹಿಂದೆ ಯಾರ ಹಣವಿದೆಯೆಂಬ ಪ್ರಶ್ನೆಯನ್ನು ಇವರ ಕತೆಯು ಆರಂಭದಲ್ಲಿಯೇ ಎತ್ತಿತು, ಮತ್ತು ಆ ಪ್ರಶ್ನೆಯು ಈವರೆಗೂ ಮುಗಿದಿಲ್ಲ.

ನಮ್ಮ ತಂಡದ ಮೂಲವು ಇದಕ್ಕಿಂತ ಬಡದಾದುದು. ಲ್ಯಾಂಕಷೈರ್ ಮತ್ತು ಯಾರ್ಕ್‌ಷೈರ್ ರೈಲ್ವೆಯ ಬಂಡಿ ಕಾರ್ಖಾನೆಯ ಕೆಲಸಗಾರರು 1878ರಲ್ಲಿ ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ, ಹಸಿರು ಮತ್ತು ಹೊಂಬಣ್ಣದ ಅಂಗಿ ತೊಟ್ಟು ಆಡತೊಡಗಿದ ತಂಡವದು. 1902ರಲ್ಲಿ ಸಾಲದ ಭಾರದಿಂದ ಅದು ಮುಳುಗುವುದರಲ್ಲಿದ್ದಾಗ ಜಾನ್ ಹೆನ್ರಿ ಡೇವಿಸ್ ಎಂಬ ಬಿಯರು ತಯಾರಕರು ಕೈಹಿಡಿದರು; ಹೆಸರು ಮ್ಯಾಂಚೆಸ್ಟರ್ ಯುನೈಟೆಡ್ ಎಂದಾಯಿತು, ಅಂಗಿ ಕೆಂಪಾಯಿತು. ಮರುವರ್ಷ ಕಾರ್ಯದರ್ಶಿಯಾಗಿ ಬಂದ ಅರ್ನೆಸ್ಟ್ ಮ್ಯಾಂಗ್ನಲ್ಲರ ಕಾಲದಲ್ಲಿ 1908 ಮತ್ತು 1911ರಲ್ಲಿ ಲೀಗೂ 1909ರಲ್ಲಿ ಕಪ್ಪೂ ದೊರೆತುವು; ಡೇವಿಸರ ದುಡ್ಡಿನಿಂದ 1910ರ ಫೆಬ್ರವರಿಯಲ್ಲಿ ಓಲ್ಡ್ ಟ್ರ್ಯಾಫರ್ಡ್ ಮೈದಾನವು ತೆರೆಯಿತು. ಪ್ರತಿಸ್ಪರ್ಧಿಯಾದ ಸಿಟಿ ಕ್ಲಬ್ಬಿನ ಆಟಗಾರರು ಅಕ್ರಮವಾಗಿ ಹಣ ಪಡೆದ ಪ್ರಕರಣದಲ್ಲಿ ಸಿಕ್ಕಿ ಮಾರಾಟಕ್ಕೆ ಬಂದಾಗ, ಬಿಲ್ಲಿ ಮೆರಿಡಿತ್ ಮೊದಲಾದವರನ್ನು ಮಿಕ್ಕ ಕ್ಲಬ್ಬುಗಳಿಗಿಂತ ಮುಂಚಿತವಾಗಿ ಬಾಚಿಕೊಂಡುದೇ ಈ ವೈಭವದ ಮೂಲ. ಅದು ಮ್ಯಾಂಗ್ನಲ್ಲರ ಚಾತುರ್ಯ. ಹೀಗಿದ್ದೂ ಜನ ಕೊಂಡಾಡಿದ್ದು ಮೆರಿಡಿತ್ತರನ್ನು. ಮ್ಯಾಂಗ್ನಲ್ಲರು 1912ರಲ್ಲಿ ಇದೇ ಊರಿನ ಸಿಟಿ ಕ್ಲಬ್ಬಿಗೆ ಹೊರಟುಹೋದರು. ಇಂದು ಅಂತಹ ವರ್ಗಾವಣೆ ನಡೆದರೆ ಊರಿಗೆ ಊರೇ ಹೊತ್ತಿಕೊಂಡೀತು.

ಮ್ಯಾನೇಜರ್ ಎಂಬ ಹುದ್ದೆಗೆ ಇಂದಿನ ಅರ್ಥವನ್ನು ಕೊಟ್ಟವರು ಹರ್ಬರ್ಟ್ ಚಾಪ್‌ಮನ್. ಹಡರ್ಸ್‌ಫೀಲ್ಡಿನಲ್ಲಿ 1924 ಮತ್ತು 1925ರ ಲೀಗುಗಳನ್ನು ಗೆದ್ದುಕೊಟ್ಟು, ಪತ್ರಿಕೆಯಲ್ಲಿ ಬಂದ ಜಾಹೀರಾತಿಗೆ ಓಗೊಟ್ಟು ಅವರು ಆರ್ಸೆನಲ್ಲಿಗೆ ಬಂದ ವರ್ಷವೇ ಆಫ್‌ಸೈಡ್ ನಿಯಮವು ಬದಲಾಗಿದ್ದಿತು. ಆಕ್ರಮಣಕಾರನ ಮುಂದೆ ಮೂವರು ಎದುರಾಳಿಗಳಿರಬೇಕೆಂದಿದ್ದುದು ಇಬ್ಬರೆಂದಾಗಿ ಗೋಲುಗಳ ಸುರಿಮಳೆಯಾಗತೊಡಗಿದಾಗ, ಅಕ್ಟೋಬರಿನಲ್ಲಿ ನ್ಯೂಕಾಸಲ್ಲಿನ ಎದುರು ಏಳು ಗೋಲುಗಳಿಂದ ಸೋತು ಬಂದ ಆರ್ಸೆನಲ್ ತಂಡದಲ್ಲಿ, ಹಿರಿಯ ಆಟಗಾರ ಚಾರ್ಲಿ ಬಕನ್ನರ ಒತ್ತಾಯದಂತೆ, ನಡುವಿನ ಆಟಗಾರನನ್ನು ಹಿಂದಕ್ಕೆ ಸರಿಸಿ ರಕ್ಷಣೆಗೆ ನಿಲ್ಲಿಸಲಾಯಿತು. ಸಲಹೆ ಬಕನ್ನರದು, ಆದರೆ ಅದನ್ನು ವ್ಯವಸ್ಥೆಯನ್ನಾಗಿ ಬೆಳೆಸಿ ಪೂರ್ಣಗೊಳಿಸಿದ ಕೀರ್ತಿ ಚಾಪ್‌ಮನ್ನರದು. ಆಟಗಾರರನ್ನು ಆರಿಸುವುದರಿಂದ ಮೊದಲುಗೊಂಡು ಮೈದಾನದ ಪಕ್ಕದ ಗಿಲೆಸ್ಪಿ ರೋಡ್ ಭೂಗತ ನಿಲ್ದಾಣಕ್ಕೆ 1932ರಲ್ಲಿ ಆರ್ಸೆನಲ್ ಎಂಬ ಹೆಸರಿಡಿಸುವವರೆಗೆ ಎಲ್ಲವೂ ಒಬ್ಬರ ಸಂಕಲ್ಪದಿಂದ ನಡೆಯಬಹುದೆಂಬುದನ್ನು ಅವರು ತೋರಿಸಿಕೊಟ್ಟರು. 1934ರ ಜನವರಿಯಲ್ಲಿ ನ್ಯುಮೋನಿಯದಿಂದ ಅವರು ತೀರಿಕೊಂಡ ಬಳಿಕ ಶಿಲ್ಪಿ ಜೇಕಬ್ ಎಪ್‌ಸ್ಟೈನರು ಮಾಡಿದ ಅವರ ಶಿರೋಪ್ರತಿಮೆಯು ಆ ಕ್ಲಬ್ಬಿನ ಸಭಾಂಗಣದಲ್ಲಿ ಪ್ರತಿಷ್ಠಿತವಾಯಿತು. ಗೆಲುವಿಗೆ ಒಬ್ಬ ಕರ್ತೃವುಂಟೆಂದು ಒಮ್ಮೆ ಸ್ಥಾಪಿತವಾದ ಮೇಲೆ ಸೋಲಿಗೂ ಒಬ್ಬ ಕರ್ತೃವನ್ನು ಹುಡುಕುವುದು ತರ್ಕಕ್ಕೆ ಅನಿವಾರ್ಯವಾಯಿತು.

ಅದೇ ಕಾಲಕ್ಕೆ ಅಭಿಮಾನಿಯ ಮನೆಯೊಳಗೆ ಬೇರೊಂದು ಅಭ್ಯಾಸವೂ ಕಾಲಿಟ್ಟಿದ್ದಿತು. ಲಿಟಲ್‌ವುಡ್ಸ್ ಎಂಬ ಹೆಸರಿನ ಪಂದ್ಯಪಣದ ಸಂಸ್ಥೆಯು 1923ರಲ್ಲಿ ತನ್ನ ಮೊದಲ ಕೂಪನ್ನುಗಳನ್ನು ಹಂಚಿದ್ದು ಓಲ್ಡ್ ಟ್ರ್ಯಾಫರ್ಡಿನ ಬಾಗಿಲಲ್ಲಿಯೇ. 4,000 ಹಂಚಿದರೆ 35 ಮಾತ್ರ ಹಿಂದಿರುಗಿದುವು. ಆದರೆ ಹತ್ತು ಹನ್ನೆರಡು ವರ್ಷಗಳೊಳಗಾಗಿ ಲಕ್ಷಾಂತರ ಸಂಸಾರಗಳಲ್ಲಿ ವಾರಕ್ಕೊಂದು ಸಂಜೆ, ಊಟದ ಮೇಜಿನ ಮೇಲೆ ಪತ್ರಿಕೆಯನ್ನು ಹರಡಿಕೊಂಡು, ಯಾವ ತಂಡ ಕಳೆದ ಐದಾರು ಪಂದ್ಯಗಳಲ್ಲಿ ಎಷ್ಟು ಗೆದ್ದಿದೆ, ಎಷ್ಟು ಸಮ ಮಾಡಿಕೊಂಡಿದೆ, ಪರಸ್ಥಳದಲ್ಲಿ ಹೇಗೆ ಆಡುತ್ತದೆ ಎಂದು ಲೆಕ್ಕ ಹಾಕುವುದು ಒಂದು ಗೃಹಕೃತ್ಯವೇ ಆಗಿಬಿಟ್ಟಿತು. ತಂಡದ ಫಾರ್ಮ್ ಎಂಬುದನ್ನು ಅಭ್ಯಸಿಸುವ ಶಾಸ್ತ್ರವನ್ನು ಜನಸಾಮಾನ್ಯರಿಗೆ ಕಲಿಸಿದವರು ಕ್ರೀಡಾಪಂಡಿತರಿಗಿಂತ ಹೆಚ್ಚಾಗಿ ಈ ಪಣದ ವ್ಯಾಪಾರಿಗಳು. ಅದರ ದೋಷವೂ ಅಲ್ಲಿಂದಲೇ ಬಂದುದು: ಕೂಪನ್ನು ತುಂಬುವವನಿಗೆ ಮುಂದಿನ ಶನಿವಾರದ ಆಚೆಗಿನ ಭವಿಷ್ಯತ್ತು ಇಲ್ಲ, ಕಳೆದ ಆರು ವಾರಗಳ ಹಿಂದಿನ ಭೂತಕಾಲವೂ ಇಲ್ಲ.

ಈ ಹಿನ್ನೆಲೆಯಲ್ಲಿ 1930ನೆಯ ಇಸವಿಯು ಬಂದಿತು. ಯುನೈಟೆಡ್ ಅಭಿಮಾನಿಯ ಚರಿತ್ರೆಯಲ್ಲಿ ಇದಕ್ಕಿಂತ ಸಾರವತ್ತಾದ ವರ್ಷ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. 1968ನ್ನೂ 1999ನ್ನೂ ಮರೆತು ಈ ಮಾತು ಹೇಳುತ್ತಿಲ್ಲ. ಆಗಸ್ಟ್ ಕೊನೆಯಲ್ಲಿ ಋತುವು ಆರಂಭವಾದುದು. ಮೊದಲ ಗೆಲುವು ಬಂದುದು ನವೆಂಬರ್ ಒಂದರಂದು. ನಡುವೆ ಹನ್ನೆರಡು ಪಂದ್ಯಗಳು, ಹನ್ನೆರಡೂ ಸೋಲುಗಳು. ಸೆಪ್ಟೆಂಬರಿನ ಒಂದೇ ವಾರದಲ್ಲಿ ಸ್ವಂತ ಮೈದಾನದ ಮೇಲೆ ಹಡರ್ಸ್‌ಫೀಲ್ಡ್ ಆರು ಗೋಲನ್ನೂ ನ್ಯೂಕಾಸಲ್ ಏಳು ಗೋಲನ್ನೂ ಹೊಡೆದು ಹೋದುವು. ಮ್ಯಾನೇಜರ್ ಹರ್ಬರ್ಟ್ ಬ್ಯಾಮ್ಲೆಟ್ ಅವರು ಹಿಂದೆ ರೆಫರಿಯಾಗಿದ್ದವರು. 1914ರ ಕಪ್ ಫೈನಲ್ಲನ್ನು ನಡೆಸಿಕೊಟ್ಟವರು. ಸಜ್ಜನರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಡೇವಿಸರು ಕಾಲವಾಗಿ ಮೂರು ವರ್ಷಗಳು ಕಳೆದಿದ್ದುವು, ಕ್ಲಬ್ಬಿನ ಬೊಕ್ಕಸ ಬರಿದಾಗಿದ್ದಿತು, ಒಳ್ಳೆಯ ಆಟಗಾರರನ್ನು ಕೊಳ್ಳುವ ಶಕ್ತಿಯಾಗಲಿ ಹುಡುಕುವ ವ್ಯವಸ್ಥೆಯಾಗಲಿ ಉಳಿದಿರಲಿಲ್ಲ.

ಇಂತಹ ಸನ್ನಿವೇಶದಲ್ಲಿ ಅಭಿಮಾನಿಗಳ ಸಂಘವು ಮಾಡಿದ ಕೆಲಸವನ್ನು ನೋಡಿರಿ. ಟ್ಯಾಕ್ಸಿ ನಡೆಸಿ ಜೀವಿಸುತ್ತಿದ್ದ ಜಾರ್ಜ್ ಗ್ರೀನ್‌ಹಾ ಎಂಬವರ ನಾಯಕತ್ವದಲ್ಲಿ ಅವರು ನಿರ್ದೇಶಕ ಮಂಡಳಿಯ ಮುಂದೆ ಐದು ಬೇಡಿಕೆಗಳನ್ನಿಟ್ಟರು: ಹೊಸ ಮ್ಯಾನೇಜರ್ ಬೇಕು, ಪ್ರತಿಭೆಯನ್ನು ಹುಡುಕುವ ಏರ್ಪಾಟು ಉತ್ತಮಗೊಳ್ಳಬೇಕು, ಹೊಸ ಆಟಗಾರರು ಬರಬೇಕು, ಷೇರುದಾರರು ಚುನಾಯಿಸಿದ ಹೊಸ ನಿರ್ದೇಶಕರು ಮಂಡಳಿಯಲ್ಲಿ ಕೂರಬೇಕು, ಹೊಸ ಷೇರುಗಳನ್ನು ಹೊರಡಿಸಿ ಬಂಡವಾಳ ಎತ್ತಬೇಕು. ಮ್ಯಾನೇಜರನ್ನು ತೆಗೆಯಿರೆಂಬುದು ಇಲ್ಲಿಯೂ ಇದೆ. ಆದರೆ ಅದು ಐದರಲ್ಲಿ ಒಂದು. ರೋಗವು ಮೈದಾನದ ಅಂಚಿನಲ್ಲಿ ಮಾತ್ರವಿಲ್ಲ, ಮಂಡಳಿಯ ಕೊಠಡಿಯಲ್ಲಿಯೂ ಲೆಕ್ಕದ ಪುಸ್ತಕದಲ್ಲಿಯೂ ಇದೆಯೆಂದು ಆ ಟ್ಯಾಕ್ಸಿಯವರಿಗೂ ಅವರ ಸಂಗಡಿಗರಿಗೂ ತಿಳಿದಿದ್ದಿತು. ಮುಂದಿನ ತಲೆಮಾರುಗಳ ಅಭಿಮಾನಿಗಳು, ನನ್ನನ್ನೂ ಸೇರಿಸಿಕೊಂಡು, ಇಷ್ಟು ಸಮಗ್ರವಾಗಿ ಯೋಚಿಸಿದ್ದು ಅಪರೂಪ.

ಮಂಡಳಿಯು ಅವರೊಡನೆ ಮಾತನಾಡಲೊಪ್ಪಲಿಲ್ಲ. ಹ್ಯೂಮ್ ಟೌನ್ ಹಾಲಿನಲ್ಲಿ ದೊಡ್ಡ ಸಭೆ ಸೇರಿತು. ಅಕ್ಟೋಬರ್ 18ರಂದು ಆರ್ಸೆನಲ್ಲಿನ ಎದುರು ನಡೆಯಲಿದ್ದ ಪಂದ್ಯವನ್ನು ಬಹಿಷ್ಕರಿಸಬೇಕೆಂದು ನಿರ್ಣಯವಾಯಿತು. ಆ ಆರ್ಸೆನಲ್ಲೋ ಚಾಪ್‌ಮನ್ನರ ಕೈಯಲ್ಲಿ ಪಳಗಿದ, ಆ ವರ್ಷದ ಲೀಗನ್ನು ಗೆಲ್ಲಲಿದ್ದ ತಂಡ. ಶನಿವಾರ ಬಂದಾಗ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಜನ ಬಾಗಿಲಲ್ಲಿ ಹಣ ಕೊಟ್ಟು ಒಳಗೆ ಹೋದರು! ಬಹಿಷ್ಕಾರ ಸೋತಿತು, ತಂಡವೂ ಸೋತಿತು. ಆರ್ಸೆನಲ್ಲನ್ನು ನೋಡುವ ಆಸೆಯಿಂದ ಜನ ಬಂದರೆಂದು ಕೆಲವರ ಮತ, ಇರಬಹುದು. ಸಭೆಯಲ್ಲಿ ಕೈಯೆತ್ತಿ ಬಂದವನು ಶನಿವಾರ ಮಧ್ಯಾಹ್ನ ಮನೆಯಲ್ಲಿ ಕೂರಲಾರದೆ ಚಡಪಡಿಸುವುದನ್ನು ಬಲ್ಲವರಿಗೆ ಬೇರೆ ಕಾರಣ ಬೇಕಾಗದು. ಆದರೆ ಅಭಿಮಾನಿಯ ವಿವೇಕ ಸೋತ ಕೆಲಸವನ್ನು ಬೇಸರವು ಸಾಧಿಸಿತು. ಋತುವಿನ ಕೊನೆಯ ಪಂದ್ಯಕ್ಕೆ ಬಂದವರು ನಾಲ್ಕು ಸಾವಿರವೂ ಇರಲಿಲ್ಲ. ತಂಡವು ನಲವತ್ತೆರಡು ಪಂದ್ಯಗಳಲ್ಲಿ ಇಪ್ಪತ್ತೇಳನ್ನು ಸೋತು, 115 ಗೋಲುಗಳನ್ನು ತಿಂದು ಎರಡನೆಯ ದರ್ಜೆಗೆ ಇಳಿಯಿತು. ಬ್ಯಾಮ್ಲೆಟ್ಟರು ಅದಕ್ಕೂ ಮುನ್ನವೇ ನಿರ್ಗಮಿಸಿದ್ದರು. ಅವರು ಹೋದುದರಿಂದ ಏನೂ ನೆಟ್ಟಗಾಗಲಿಲ್ಲ. 1931ರ ಡಿಸೆಂಬರಿನಲ್ಲಿ ಆಟಗಾರರಿಗೆ ಸಂಬಳ ಕೊಡಲು ಹಣವಿಲ್ಲದೆ ಕ್ಲಬ್ಬು ಕೈಚೆಲ್ಲಿದಾಗ, ಸೈನ್ಯದ ಸಮವಸ್ತ್ರಗಳನ್ನು ತಯಾರಿಸುತ್ತಿದ್ದ ಜೇಮ್ಸ್ ಗಿಬ್ಸನ್ನರು ಎರಡು ಸಾವಿರ ಪೌಂಡುಗಳನ್ನೂ ಕ್ರಿಸ್ಮಸ್ ಹಬ್ಬದೂಟಕ್ಕೆ ಟರ್ಕಿ ಕೋಳಿಗಳನ್ನೂ ಕೊಟ್ಟು ಉಳಿಸಿದರು. ಬಂಡವಾಳ ಬೇಕೆಂದು ಕೇಳಿದ್ದವರ ಮಾತು ಅಕ್ಷರಶಃ ನಿಜವಾಯಿತು.

ಮಂಡಳಿಯವರು ಇದರಿಂದ ಕಲಿತ ಪಾಠವೇ ಬೇರೆ. ಹೊಸಮನೆಯ ಮುಂದೆ ಕಟ್ಟುವ ದೃಷ್ಟಿಬೊಂಬೆಯು ದಾರಿಹೋಕರ ಕಣ್ಣನ್ನು ತನ್ನ ಮೇಲೆ ಸೆಳೆದುಕೊಂಡು ಮನೆಯೊಡೆಯನನ್ನು ಕಾಯುವಂತೆ, ಜನರ ಕೋಪವನ್ನು ತನ್ನ ಮೇಲೆ ಹೊರುವ ಒಬ್ಬ ವ್ಯಕ್ತಿಯು ಎದುರಿಗಿದ್ದರೆ ಷೇರು, ಸಾಲ, ಚುನಾವಣೆ ಮುಂತಾದ ಅಪ್ರಿಯ ವಿಷಯಗಳು ಚರ್ಚೆಗೆ ಬರುವುದಿಲ್ಲ ಎಂಬುದು ಇಂಗ್ಲೆಂಡಿನ ಕ್ಲಬ್ಬುಗಳಿಗೆಲ್ಲ ಕ್ರಮೇಣ ಮನವರಿಕೆಯಾಯಿತು. ಆಟದ ವಿಷಯದಲ್ಲಿ ಮ್ಯಾನೇಜರನಿಗೆ ಅಧಿಕಾರವನ್ನು ಬಿಟ್ಟುಕೊಡುವುದು ಇದಕ್ಕೆ ತೆರಬೇಕಾದ ಬೆಲೆ.

ಆ ಬೆಲೆಯನ್ನು ಪೂರ್ತಿಯಾಗಿ ವಸೂಲು ಮಾಡಿದವರು ಮ್ಯಾಟ್ ಬಸ್ಬಿ. 1945ರಲ್ಲಿ ಅವರು ಓಲ್ಡ್ ಟ್ರ್ಯಾಫರ್ಡಿಗೆ ಒಪ್ಪಿಕೊಂಡು ಬಂದಾಗ ಮೈದಾನವು ಜರ್ಮನ್ ಬಾಂಬುಗಳಿಂದ ಭಗ್ನವಾಗಿದ್ದಿತು. ತಂಡವು 1949ರವರೆಗೂ ಸಿಟಿಯವರ ಮೈದಾನವನ್ನು ಬಾಡಿಗೆಗೆ ಪಡೆದು ಆಡಬೇಕಾಯಿತು. ಬಸ್ಬಿಯವರು ಐದು ವರ್ಷಗಳ ಕರಾರನ್ನೂ, ಆಟಗಾರರ ಆಯ್ಕೆ, ತರಬೇತು, ಕೊಳ್ಳುವಿಕೆ ಮಾರುವಿಕೆಗಳ ಪೂರ್ಣಾಧಿಕಾರವನ್ನೂ ಕೇಳಿ ಪಡೆದರು. ಬಳಿಕ ಬಂದ 1948ರ ಕಪ್ಪು, 1952, 1956, 1957ರ ಲೀಗುಗಳು, 1958ರ ಫೆಬ್ರವರಿ 6ರಂದು ಮ್ಯೂನಿಕ್ಕಿನ ಹಿಮದಲ್ಲಿ ಎಂಟು ಆಟಗಾರರು ಸೇರಿ ಇಪ್ಪತ್ತಮೂರು ಮಂದಿಯನ್ನು ಬಲಿತೆಗೆದುಕೊಂಡ ವಿಮಾನಾಪಘಾತ, ಮರಣಶಯ್ಯೆಯಿಂದೆದ್ದು ಬಂದ ಬಸ್ಬಿ, 1968ರ ಮೇ 29ರಂದು ವೆಂಬ್ಲಿಯಲ್ಲಿ ಬೆನ್‌ಫಿಕಾದ ಮೇಲೆ ಗೆದ್ದ ಯುರೋಪಿಯನ್ ಕಪ್ಪು, ಇವೆಲ್ಲ ಆಟದ ಗಂಧವಿಲ್ಲದವರೂ ಕೇಳಿದ ಕತೆ. ನನ್ನ ವಿಷಯಕ್ಕೆ ಬೇಕಾದುದು ನಡುವಿನ ಒಂದು ಮಂಕಾದ ವರ್ಷ. 1962–63ರಲ್ಲಿ ತಂಡವು ಇಪ್ಪತ್ತೆರಡರಲ್ಲಿ ಹತ್ತೊಂಬತ್ತನೆಯದಾಗಿ, ಕೆಳದರ್ಜೆಗಿಳಿಯುವ ಅಂಚಿನಲ್ಲಿ ತಪ್ಪಿಸಿಕೊಂಡಿತು. ಆದರೂ ಬಸ್ಬಿಯವರ ಸ್ಥಾನ ಅಲುಗಲಿಲ್ಲ. ಅವರು ಕಟ್ಟಿದ ತಂಡ ಸುಟ್ಟುಹೋದುದನ್ನು ಕಣ್ಣಾರೆ ಕಂಡ ಊರಿಗೆ ಅವರೊಡನೆ ಲೆಕ್ಕ ಕೇಳುವ ಬಾಯಿ ಬರಲಿಲ್ಲ. ಆ ಮೇ ತಿಂಗಳಲ್ಲಿಯೇ ಲೆಸ್ಟರನ್ನು ಸೋಲಿಸಿ ಕಪ್ಪು ಗೆದ್ದರು; ಎರಡು ವರ್ಷಗಳಲ್ಲಿ ಲೀಗನ್ನೂ ಗೆದ್ದರು.

ಬಸ್ಬಿಯವರ ತರುವಾಯ ಬಂದವರಿಗೆ ಈ ಔದಾರ್ಯ ದೊರೆಯಲಿಲ್ಲ. ವಿಲ್ಫ್ ಮೆಗಿನಿಸ್ 1970ರ ಡಿಸೆಂಬರಿನಲ್ಲಿ, ಫ್ರ್ಯಾಂಕ್ ಓಫ್ಯಾರೆಲ್ 1972ರ ಡಿಸೆಂಬರಿನಲ್ಲಿ ಹೊರನಡೆದರು. ನಿವೃತ್ತರಾದ ಬಸ್ಬಿಯವರು ಕ್ಲಬ್ಬಿನಲ್ಲಿಯೇ ಉಳಿದು, ತಮ್ಮ ಇರುವಿಕೆಯಿಂದಲೇ ಉತ್ತರಾಧಿಕಾರಿಗಳನ್ನು ಕುಬ್ಜರನ್ನಾಗಿಸಿದರೆಂಬ ಆಕ್ಷೇಪಣೆಯಲ್ಲಿ ಸತ್ಯವಿಲ್ಲದಿಲ್ಲ. 1974ರ ಏಪ್ರಿಲ್ 27ರಂದು, ಹಿಂದೆ ಯುನೈಟೆಡ್ಡಿನ ಆರಾಧ್ಯಮೂರ್ತಿಯಾಗಿದ್ದು ಆಗ ಸಿಟಿಗಾಗಿ ಆಡುತ್ತಿದ್ದ ಡೆನಿಸ್ ಲಾ ಅವರು ಹಿಮ್ಮಡಿಯಿಂದ ಚೆಂಡನ್ನು ಗೋಲಿನೊಳಕ್ಕೆ ತಟ್ಟಿ, ಸಂತೋಷಪಡದೆ ತಲೆ ತಗ್ಗಿಸಿ ನಡೆದುದು ಕಾಲ್ಚೆಂಡಿನ ಪುರಾಣಗಳಲ್ಲೊಂದು. ಇತರ ಮೈದಾನಗಳ ಫಲಿತಾಂಶದಿಂದ ಯುನೈಟೆಡ್ ಆ ಗೋಲಿಲ್ಲದಿದ್ದರೂ ಇಳಿಯುತ್ತಿದ್ದಿತು. ಪುರಾಣಕ್ಕೆ ಅಂಕಿಗಳ ಹಂಗಿಲ್ಲ. ಇಲ್ಲಿ ಗಮನಿಸಬೇಕಾದುದೆಂದರೆ, ತಂಡವನ್ನು ಎರಡನೆಯ ದರ್ಜೆಗೆ ಇಳಿಸಿದ ಟಾಮಿ ಡೋಕರ್ಟಿಯವರನ್ನು ಮಂಡಳಿ ತೆಗೆಯಲಿಲ್ಲ, ಜನವೂ ಕೈಬಿಡಲಿಲ್ಲ. 1974–75ರಲ್ಲಿ, ಎರಡನೆಯ ದರ್ಜೆಯಲ್ಲಿದ್ದಾಗಲೂ, ಓಲ್ಡ್ ಟ್ರ್ಯಾಫರ್ಡಿಗೆ ಪಂದ್ಯವೊಂದಕ್ಕೆ ಸರಾಸರಿಯಲ್ಲಿ ಬರುತ್ತಿದ್ದಷ್ಟು ಜನ ಮೊದಲನೆಯ ದರ್ಜೆಯ ಯಾವ ಕ್ಲಬ್ಬಿಗೂ ಬರುತ್ತಿರಲಿಲ್ಲ. ಡೋಕರ್ಟಿಯವರ ತಂಡ ನುಗ್ಗಿ ಆಡುತ್ತಿದ್ದಿತು. ಸೋತರೂ ನುಗ್ಗಿ ಸೋಲುವವನನ್ನು ಈ ಜನ ಕ್ಷಮಿಸುತ್ತಾರೆ.

ಗೆದ್ದರೂ ನುಗ್ಗದೆ ಗೆಲ್ಲುವವನನ್ನು ಕ್ಷಮಿಸುವುದಿಲ್ಲ. ಡೋಕರ್ಟಿಯವರ ಬಳಿಕ ಬಂದ ಡೇವ್ ಸೆಕ್ಸ್‌ಟನ್ನರು ಮಿತಭಾಷಿಗಳು, ವಿಚಾರವಂತರು; ಅವರ ತಂಡವೂ ಅವರಂತೆಯೇ ಜಾಗರೂಕವಾದುದು. 1981ರ ವಸಂತದಲ್ಲಿ ತಂಡವು ಕೊನೆಯ ಏಳು ಪಂದ್ಯಗಳನ್ನೂ ಗೆದ್ದಿತು, ಒಡನೆಯೇ ಅವರನ್ನು ತೆಗೆದುಹಾಕಲಾಯಿತು. ಏಳು ಗೆಲುವಿನ ಫಾರ್ಮ್ ಅವರನ್ನು ಉಳಿಸಲಿಲ್ಲ. ಅವರ ಸ್ಥಾನಕ್ಕೆ ಬಂದ ರಾನ್ ಆಟ್ಕಿನ್ಸನ್ನರು ಎರಡು ಕಪ್ಪುಗಳನ್ನು ಗೆದ್ದರು. 1985–86ರಲ್ಲಿ ಮೊದಲ ಹತ್ತು ಪಂದ್ಯಗಳನ್ನು ಗೆದ್ದು, ಕೊನೆಗೆ ನಾಲ್ಕನೆಯವರಾಗಿ ನಿಂತರು. ಮುಂದಿನ ನವೆಂಬರಿಗೆ ಪಟ್ಟಿಯ ತಳಕ್ಕೆ ಒಂದೇ ಮೆಟ್ಟಿಲಿನಷ್ಟು ಮೇಲಿದ್ದಾಗ ಹೊರಬಿದ್ದರು. ಹತ್ತು ಗೆಲುವಿನ ಆ ಶರತ್ಕಾಲದಲ್ಲಿ ಅವರನ್ನು ಮೇಧಾವಿಯೆಂದು ಹೊಗಳಿದವರೂ, ಹನ್ನೆರಡು ತಿಂಗಳ ಬಳಿಕ ವಿಲಾಸಿಯೆಂದು ತೆಗಳಿದವರೂ ಒಬ್ಬರೇ. ಆ ಮನುಷ್ಯ ಬದಲಾಗಿರಲಿಲ್ಲ. ಗಾಯಾಳುಗಳ ಪಟ್ಟಿ ಬದಲಾಗಿದ್ದಿತು.

1986ರ ನವೆಂಬರ್ 6ರಂದು ಅಬರ್ಡೀನಿನಿಂದ ಅಲೆಕ್ಸ್ ಫರ್ಗುಸನ್ ಬಂದರು. ಮೊದಲ ಪಂದ್ಯ ಸೋಲು. ಒಂದು ವರ್ಷ ಎರಡನೆಯ ಸ್ಥಾನ, ಮರುವರ್ಷ ಹನ್ನೊಂದನೆಯದು, ಅದರ ಮರುವರ್ಷ ಹದಿಮೂರನೆಯದು. ಆ ಹದಿಮೂರನೆಯ ಸ್ಥಾನದ ಋತುವಾದ 1989–90ನ್ನು ಕುರಿತು ಸ್ವಲ್ಪ ನಿಂತು ನೋಡಬೇಕು. ಅದು ಆರಂಭವಾದುದೇ ಒಂದು ಪ್ರಹಸನದಿಂದ: ಕ್ಲಬ್ಬನ್ನು ಕೊಳ್ಳುವೆನೆಂದು ಮುಂದೆ ಬಂದಿದ್ದ ಮೈಕಲ್ ನೈಟನ್ ಎಂಬ ಉದ್ಯಮಿಯು ಆಟಗಾರನ ಪೋಷಾಕು ಧರಿಸಿ, ಆರ್ಸೆನಲ್ ಪಂದ್ಯಕ್ಕೆ ಮುನ್ನ ತುಂಬಿದ ಮೈದಾನದ ಮಧ್ಯೆ ಚೆಂಡನ್ನು ಕಾಲಿನಿಂದ ಚಿಮ್ಮಿಸುತ್ತ ಆಡಿ ತೋರಿಸಿದರು, ಜನ ಹರ್ಷೋದ್ಗಾರ ಮಾಡಿತು, ತಂಡವೂ ನಾಲ್ಕು ಗೋಲು ಹೊಡೆದು ಗೆದ್ದಿತು, ಕೆಲವು ತಿಂಗಳಲ್ಲಿ ವ್ಯವಹಾರ ಮುರಿದುಬಿದ್ದಿತು. ಋತುವಿನ ಮೊದಲ ವಾರಗಳೊಳಗಾಗಿ ಫರ್ಗುಸನ್ನರು ಲಕ್ಷಾಂತರ ಪೌಂಡು ಸುರಿದು ಪ್ಯಾಲಿಸ್ಟರ್, ಇನ್ಸ್ ಮೊದಲಾದ ಹೊಸ ಆಟಗಾರರನ್ನು ತಂದಿದ್ದರು. ಸೆಪ್ಟೆಂಬರಿನಲ್ಲಿ ಸಿಟಿಯವರು ಐದು ಗೋಲು ಹೊಡೆದರು. ಡಿಸೆಂಬರಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಓಲ್ಡ್ ಟ್ರ್ಯಾಫರ್ಡಿಗೇ ಬಂದು ಗೆದ್ದು ಹೋದ ದಿನ, ಒಬ್ಬ ಅಭಿಮಾನಿಯು ಹಾಸಿಗೆಯ ಬಟ್ಟೆಯ ಮೇಲೆ ಬರೆದು ಎತ್ತಿ ಹಿಡಿದ ಬರಹವು, ಮೂರು ವರ್ಷ ನೆಪ ಹೇಳಿದ್ದು ಸಾಕು, ಇನ್ನು ದಯಮಾಡಿಸಿ ಎಂಬರ್ಥವನ್ನು ಮ್ಯಾಂಚೆಸ್ಟರಿನ ಗ್ರಾಮ್ಯದಲ್ಲಿ ಹೇಳುತ್ತಿದ್ದಿತು.

ಆ ಬರಹ ಇಂದು ಅಭಿಮಾನಿಯ ಅವಿವೇಕಕ್ಕೆ ಉದಾಹರಣೆಯಾಗಿ ಎಲ್ಲೆಡೆ ಉಲ್ಲೇಖಗೊಳ್ಳುತ್ತದೆ. ಇದು ಅನ್ಯಾಯವೆಂದು ನನಗೆ ತೋರುತ್ತದೆ. ಅಂದು ಆ ಮನುಷ್ಯನ ಕಣ್ಣಿಗೆ ಕಾಣುತ್ತಿದ್ದುದು ಮೂರು ವರ್ಷಗಳ ಕಾಲ, ಅಪಾರ ವೆಚ್ಚ ಮತ್ತು ಕೆಳಕ್ಕಿಳಿಯುತ್ತಿದ್ದ ತಂಡ; ಹದಿಹರೆಯದ ಹುಡುಗರನ್ನು ಊರೂರಿನಿಂದ ಆರಿಸಿ ಬೆಳೆಸುವ ಹೊಸ ವ್ಯವಸ್ಥೆಯೊಂದು ತೆರೆಯ ಹಿಂದೆ ಸಿದ್ಧವಾಗುತ್ತಿದ್ದುದು ಟಿಕೆಟ್ಟು ಕೊಂಡು ನಿಂತವನಿಗೆ ಕಾಣುವಂತಿರಲಿಲ್ಲ. ಅದೇ ಪ್ರಮಾಣಗಳ ಮೇಲೆ ಬೇರೆ ಹತ್ತು ಮ್ಯಾನೇಜರುಗಳ ವಿಷಯದಲ್ಲಿ ಅದೇ ತೀರ್ಪು ಕೊಟ್ಟಿದ್ದರೆ ಒಂಬತ್ತು ಸಲ ಅದು ಸರಿಯೆನಿಸುತ್ತಿದ್ದಿತೋ ಏನೋ. 1990ರ ಜನವರಿ 7ರಂದು ನಾಟಿಂಗ್ಹಾಮಿನಲ್ಲಿ ಮಾರ್ಕ್ ರಾಬಿನ್ಸ್ ಎಂಬ ಯುವಕ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಕಪ್ ಪಂದ್ಯ ಗೆದ್ದು ಫರ್ಗುಸನ್ನರು ಉಳಿದರೆಂಬುದು ಜನಶ್ರುತಿ. ಸೋತಿದ್ದರೂ ತೆಗೆಯುತ್ತಿರಲಿಲ್ಲವೆಂದು ಅಂದಿನ ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸರು ಆಮೇಲೆ ಹೇಳಿದ್ದಾರೆ. ಗೆದ್ದ ಮೇಲೆ ಹೀಗೆ ಹೇಳುವುದು ಸುಲಭವಷ್ಟೆ. ಆ ಕಪ್ಪಿನ ಅಂತಿಮ ಪಂದ್ಯದಲ್ಲಿ ಎದುರಾದುದು ಮತ್ತದೇ ಕ್ರಿಸ್ಟಲ್ ಪ್ಯಾಲೇಸ್. ಮೊದಲು ಮೂರು ಮೂರು ಗೋಲಿನಿಂದ ಸಮ, ಮರುಪಂದ್ಯದಲ್ಲಿ ಲೀ ಮಾರ್ಟಿನ್ನರ ಒಂದು ಗೋಲು. ಮುಂದಿನ ಹದಿಮೂರು ಲೀಗುಗಳೂ, 1999ರ ತ್ರಿವಳಿ ವಿಜಯವೂ, 2013ರಲ್ಲಿ ತಾವಾಗಿಯೇ ಕೆಳಗಿಳಿದ ಗೌರವವೂ ಆ ಚಳಿಗಾಲದ ಅನಿಶ್ಚಯದ ಈಚೆಗೆ ಬಂದುವು.

ಫರ್ಗುಸನ್ನರ ಅನಂತರದ ಕತೆ ಬೇಗ ಹೇಳಿ ಮುಗಿಸುವಂತಹುದು. ಅವರೇ ಆರಿಸಿದ ಡೇವಿಡ್ ಮೋಯ್ಸರಿಗೆ ಆರು ವರ್ಷಗಳ ಕರಾರು ಕೊಟ್ಟು ಹತ್ತು ತಿಂಗಳಲ್ಲಿ ಕಳುಹಿಸಿದರು. 2014ರ ಮಾರ್ಚಿನಲ್ಲಿ ಕೆಲವರು ಹಣ ಕೂಡಿಸಿ, ಇವರು ಆರಿಸಬಾರದಿದ್ದವರು, ತೊಲಗಲಿ ಎಂಬ ಪಟವನ್ನು ಬಾಲಕ್ಕೆ ಕಟ್ಟಿದ ವಿಮಾನವನ್ನು ಮೈದಾನದ ಮೇಲೆ ಹಾರಿಸಿದಾಗ, ಕೆಳಗೆ ನೆರೆದಿದ್ದ ಬಹುಜನ ಆ ವಿಮಾನವನ್ನೇ ಹೀಯಾಳಿಸಿದರು. ಫರ್ಗುಸನ್ನರ ಉದಾಹರಣೆ ಅವರನ್ನು ತಾಳ್ಮೆಗೆ ಕಟ್ಟಿಹಾಕಿದ್ದಿತು. ಲೂಯಿ ವಾನ್ ಗಾಲರು ಕಪ್ಪು ಗೆದ್ದ ಎರಡನೆಯ ದಿನ ಹೋದರು. ಮೊರಿನ್ಯೋ, ಸೋಲ್ಷೇರ್, ಟೆನ್ ಹಾಗ್, ಹೀಗೆ ಬಂದರು ಹೋದರು. 2024–25ರಲ್ಲಿ ತಂಡ ಹದಿನೈದನೆಯದಾಯಿತು. ಈ ಅವಧಿಯಲ್ಲಿ ಒಂದು ವಿಷಯ ಮಾತ್ರ ನನಗೆ ಆಶಾದಾಯಕವೆನಿಸಿದ್ದುಂಟು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬದವರು ಸಾಲ ಎತ್ತಿ ಕ್ಲಬ್ಬನ್ನು ಕೊಂಡು, ಆ ಸಾಲವನ್ನು ಕ್ಲಬ್ಬಿನ ಮೇಲೆಯೇ ಹೊರಿಸಿದಾಗ, ಒಂದು ಗುಂಪು ಸಿಡಿದುಹೋಗಿ ತನ್ನದೇ ಆದ ಬೇರೊಂದು ಕ್ಲಬ್ಬನ್ನು ಕಟ್ಟಿಕೊಂಡಿತು. 2010ರಲ್ಲಿ ಸಾವಿರಾರು ಜನ ಕೆಂಪನ್ನು ಬಿಟ್ಟು ನ್ಯೂಟನ್ ಹೀತಿನ ಹಸಿರು ಮತ್ತು ಹೊಂಬಣ್ಣದ ಶಾಲುಗಳನ್ನು ಕೊರಳಿಗೆ ಸುತ್ತಿಕೊಂಡು ಬಂದರು. 2021ರ ಮೇ 2ರಂದು ಜನ ಮೈದಾನಕ್ಕೆ ನುಗ್ಗಿ ಲಿವರ್‌ಪೂಲ್ ಪಂದ್ಯವೇ ಮುಂದೂಡಲ್ಪಟ್ಟಿತು. ಒಡೆತನ, ಸಾಲ, ಮಂಡಳಿ: ಗ್ರೀನ್‌ಹಾ ಅವರ ಪಟ್ಟಿಯ ಕೊನೆಯ ಎರಡು ಬೇಡಿಕೆಗಳು ಎಂಬತ್ತು ವರ್ಷಗಳ ಅನಂತರ ಪುನಃ ಮೇಲಕ್ಕೆ ಬಂದಿದ್ದುವು.

ಈ ಸಂಪ್ರದಾಯವು ನಮ್ಮ ಊರಿಗೂ ಬಂದಿದೆ, ಮತ್ತು ಬಂದ ದಾರಿಯಲ್ಲಿ ಓಲ್ಡ್ ಟ್ರ್ಯಾಫರ್ಡ್ ಇದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಸ್ಥಾಪಿತವಾದಾಗ ಅದರ ಮೊದಲ ಕೋಚಾಗಿ ಬಂದ ಆಶ್ಲಿ ವೆಸ್ಟ್‌ವುಡ್ಡರು ಹುಡುಗರಾಗಿದ್ದಾಗ ಫರ್ಗುಸನ್ನರ ಕ್ಲಬ್ಬಿನಲ್ಲಿ ತರಬೇತು ಪಡೆದವರು. ಅವರು ಮೊದಲ ವರ್ಷದಲ್ಲಿಯೇ ಐ–ಲೀಗನ್ನು ಗೆದ್ದುಕೊಟ್ಟು, ಮೂರನೆಯ ವರ್ಷ ಪುನಃ ಗೆದ್ದುಕೊಟ್ಟರು. ಅವರ ಅನಂತರ ಬಂದ ಆಲ್ಬರ್ಟ್ ರೋಕಾ ಅವರು ತಂಡವನ್ನು 2016ರ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಒಯ್ದರು. ಹೀಗೆ ಗೆಲುವನ್ನೇ ಉಂಡು ಬೆಳೆದ, ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗಕ್ಕೆ ಸೋಲಿನ ಶಿಕ್ಷಣವು ತಡವಾಗಿ ದೊರೆಯಿತು. ರೋಕಾ ಅವರ ಸಹಾಯಕರಾಗಿದ್ದು ಮುಂದೆ ಅವರ ಸ್ಥಾನಕ್ಕೆ ಬಂದ ಕಾರ್ಲೆಸ್ ಕ್ವಾದ್ರಾತ್ ಅವರು 2019ರ ಮಾರ್ಚಿನಲ್ಲಿ, ರಾಹುಲ್ ಭೇಕೆಯವರು ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಹೊಡೆದ ಗೋಲಿನಿಂದ, ಗೋವೆಯನ್ನು ಸೋಲಿಸಿ ಇಂಡಿಯನ್ ಸೂಪರ್ ಲೀಗಿನ ಕಿರೀಟವನ್ನು ತಂದರು. ಎರಡು ವರ್ಷವೂ ತುಂಬುವ ಮೊದಲೇ, 2021ರ ಜನವರಿಯಲ್ಲಿ, ಮೂರು ಸತತ ಸೋಲುಗಳ ಬೆನ್ನಲ್ಲಿ ಕ್ಲಬ್ಬು ಅವರನ್ನು ಬೀಳ್ಕೊಟ್ಟಿತು.

ಆ ಋತುವು ಸಾಂಕ್ರಾಮಿಕದ ಕಾರಣ ಪೂರ್ತಿಯಾಗಿ ಗೋವೆಯಲ್ಲಿ, ಪ್ರೇಕ್ಷಕರಿಗೆ ಬಾಗಿಲು ಮುಚ್ಚಿದ ಕ್ರೀಡಾಂಗಣಗಳಲ್ಲಿ ನಡೆಯಿತು. ಹೀಯಾಳಿಸಲು ಗ್ಯಾಲರಿಯಲ್ಲಿ ಜನವಿರಲಿಲ್ಲ, ಬಟ್ಟೆಯ ಮೇಲೆ ಬರೆದು ಎತ್ತಿಹಿಡಿಯುವವರಿರಲಿಲ್ಲ, ಹ್ಯೂಮ್ ಟೌನ್ ಹಾಲಿನಂತಹ ಸಭೆಯಂತೂ ಆ ದಿನಗಳಲ್ಲಿ ಅಸಾಧ್ಯವಾಗಿದ್ದಿತು. ಜನರ ಕೋಪವನ್ನು ಶಮನಗೊಳಿಸಲು ಹುಟ್ಟಿಕೊಂಡ ಆಚಾರವು ಮೈದಾನದಲ್ಲಿ ಜನವೇ ಇಲ್ಲದಾಗಲೂ ಯಥಾವಿಧಿಯಾಗಿ ನೆರವೇರಿತು. ಸಹಾಯಕರಾಗಿದ್ದ ನೌಷಾದ್ ಮೂಸಾ ಅವರು ಹಂಗಾಮಿಯಾಗಿ ಹೊಣೆ ಹೊತ್ತರು. ಹನ್ನೊಂದು ತಂಡಗಳಲ್ಲಿ ಬೆಂಗಳೂರು ಆ ವರ್ಷ ಏಳನೆಯದಾಯಿತು.